ಪದ್ದಕ್ಕನ ಜೀಪು, ನನ್ನ ಗಾಡಿ, ನಡುವೆ ಒಂದು ಹಳ್ಳ

ರಸ್ತೆಯಲ್ಲಿ ಉಬ್ಬು ಕಂಡರೆ ಸೀಟಿನಿಂದ ನಾಲ್ಕು ಬೆರಳು ಮೇಲೆದ್ದು ಕೂಡುವ ಚಟವೊಂದು ನನಗಿದೆ. ಗಾಡಿ ನಡೆಸುತ್ತಿರುವವರು ಯಾರೇ ಇರಲಿ, ಉಬ್ಬು ಹತ್ತಿರ ಬರುತ್ತಿದ್ದಂತೆ ನನ್ನ ಎರಡೂ ಅಂಗೈ ಸೀಟಿನ ಮೇಲೆ ಊರುತ್ತವೆ, ಬೆನ್ನು ನೆಟ್ಟಗಾಗುತ್ತದೆ, ಕುಂಡಿ ತಾನಾಗಿ ಗಾಳಿಗೇರುತ್ತದೆ. ಬಸ್ಸಿನಲ್ಲೂ ಅಷ್ಟೇ. ಮೊನ್ನೆ ಮುಧೋಳದ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹೆಣ್ಣುಮಗಳು, ನಾನು ಇಳಿಯಲು ಎದ್ದೆನೆಂದು ತಿಳಿದು ತನ್ನ ಕೈಚೀಲವನ್ನು ನನ್ನ ಜಾಗಕ್ಕೆ ಸರಿಸಿಬಿಟ್ಟಳು. ಉಬ್ಬು ದಾಟಿದ ಮೇಲೆ ನಾನು ಕೂತದ್ದು ಆ ಚೀಲದ ಮೇಲೆ. ಒಳಗೆ ಬಾಳೆಹಣ್ಣಿದ್ದವು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

"ಅಲ್ರೀ, ಮನ್ಯಾಗ ಖುರ್ಚಿ ಮ್ಯಾಲೆ ಕುಂತಾಗೂ ಹಿಂಗ ಎದ್ದೆದ್ದು ಕುಂದ್ರತೀರಿ. ಇಲ್ಲಿ ಯಾವ ಹಂಪ್ ಐತ್ರಿ?" ಎಂದು ನನ್ನ ಹೆಂಡತಿ ಕಮಲಾ ಕೇಳುತ್ತಾಳೆ. ಅದಕ್ಕೆ ನನ್ನಲ್ಲಿ ಉತ್ತರವಿದೆ, ಆದರೆ ಉದ್ದದ್ದು. ಇವತ್ತು ಹೇಳಿಬಿಡುತ್ತೇನೆ.

ನನಗೆ ಈ ಚಟ ಹತ್ತಿಸಿದವಳು ನಮ್ಮ ಪದ್ದಕ್ಕ. ಪದ್ಮಾವತಿ ಎಂಬುದು ಹೆಸರು, ನನಗಿಂತ ಆರು ವರ್ಷ ದೊಡ್ಡವಳು. ನಾವು ಚಿಕ್ಕವರಿದ್ದಾಗ ತೇರದಾಳದ ಹತ್ತಿರದ ಹೊಲಕ್ಕೆ ಚಕ್ಕಡಿಯಲ್ಲಿ ಹೋಗುತ್ತಿದ್ದೆವು. ಕಬ್ಬಿಣದ ಪಟ್ಟಿ ಬಡಿದ ಗಾಲಿಗಳು. ಕಲ್ಲಿನ ಮೇಲೆ ಹತ್ತಿ ಇಳಿದರೆ ಬೆನ್ನೆಲುಬಿನ ಒಂದೊಂದು ಮಣಿಯೂ ತನ್ನ ಹೆಸರು ಹೇಳಿಕೊಳ್ಳುತ್ತಿತ್ತು. ನಾನು ಹಿಂದೆ ಕಾಲು ಇಳಿಬಿಟ್ಟು ಕೂಡಬೇಕೆಂದು ಹಟ ಹಿಡಿಯುತ್ತಿದ್ದೆ. ಅಕ್ಕ ನನ್ನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು ಕೂಡುತ್ತಿದ್ದಳು. ಕಲ್ಲು ಬರುತ್ತಿದ್ದಂತೆ ಅಂಗಿ ಹಿಡಿದು ಮೇಲಕ್ಕೆತ್ತುವಳು, ದಾಟಿದ ಮೇಲೆ ಇಳಿಸುವಳು. ಹೀಗಾಗಿ ನನ್ನ ಅಂಗಿಗಳೆಲ್ಲ ಬೆನ್ನ ಕಡೆ ಜೋತುಬಿದ್ದು, ಕುತ್ತಿಗೆ ಒತ್ತುತ್ತಿದ್ದವು. ಸಾಲೆಯ ಮಾಸ್ತರರು ನನ್ನನ್ನು ನೋಡಿ, ಇವನ ಅಂಗಿಯನ್ನು ಹಿಂದುಮುಂದು ಹೊಲಿದಿದ್ದಾರೇನು ಎಂದು ಕೇಳಿದ್ದುಂಟು.

ಅಕ್ಕ ಮದುವೆಯಾಗಿ ಹುನ್ನೂರಿನ ಕಡೆ ಹೋದಳು. ಮನೆ ಊರಿನಲ್ಲಲ್ಲ, ತೋಟದಲ್ಲಿ. ಟಾರ್ ರಸ್ತೆಯಿಂದ ಒಳಗೆ ಸುಮಾರು ಮೂರು ಕಿಲೋಮೀಟರು ಎರೆಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಆ ದಾರಿಯಲ್ಲಿ ಮೊಣಕಾಲುದ್ದ ಗಾಲಿಜಾಡು ಬಿದ್ದಿರುತ್ತದೆ. ನಮ್ಮ ಮಾಮಾ, ಅಂದರೆ ಅಕ್ಕನ ಗಂಡ ಜಿನ್ನಪ್ಪ, ಸಾಧು ಮನುಷ್ಯ, ಮಾತು ಕಡಿಮೆ. ಅವರಿಗಿದ್ದ ಒಂದೇ ಹುಚ್ಚೆಂದರೆ ಯಾವುದೋ ಇಲಾಖೆಯ ಲಿಲಾವಿನಲ್ಲಿ ಹರಾಜು ಕೂಗಿ ಹಿಡಿದು ತಂದ ಹಳೆಯ ಜೀಪು. ಅದರ ಮೇಲೆ ಬಟ್ಟೆಯ ಹೊದಿಕೆ, ಹಿಂದೆ ಎದುರುಬದುರಾಗಿ ಎರಡು ಬೆಂಚು. ಗಾಲಿಗಳ ಮೇಲೆ ಕಮಾನಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಅಟ್ಟಿ. ನಮ್ಮ ಕಡೆ ಅದಕ್ಕೆ ಪಾಟಾ ಎನ್ನುತ್ತಾರೆ. ಮಾಮಾ ತಾವು ಕಲಿತದ್ದೇ ತಡ, ಹೆಂಡತಿಗೂ ಕಲಿಸಿದರು. ಆಗ ಆ ಭಾಗದಲ್ಲಿ ಹೆಂಗಸರು ಸೈಕಲ್ ಹತ್ತಿದರೂ ಜನ ನಿಂತು ನೋಡುತ್ತಿದ್ದರು. ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಜೀಪು ಹೊಡೆದುಕೊಂಡು ಜಮಖಂಡಿಯ ಸಂತೆಗೆ ಬರುತ್ತಿದ್ದಳು.

ಎಂಟು ವರ್ಷದ ಹಿಂದೆ ಮಾಮಾ ತೀರಿಕೊಂಡರು. ಜೀಪು ಮಾರಿಬಿಡು ಎಂದು ಎಲ್ಲರೂ ಹೇಳಿದೆವು. ಸಾಂಗ್ಲಿಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಸುಜಾತಾ ಕೂಡ ಹೇಳಿದಳು. ಅಕ್ಕ ಎಲ್ಲರ ಮಾತನ್ನೂ ಕೇಳಿಸಿಕೊಂಡು ಕಡೆಗೆ ಇಷ್ಟೇ ಅಂದಳು:

"ಆ ಮನಷ್ಯಾ ನನ್ನ ಬಾಜೂ ಕುಂತು ಕಲಿಸಿದ್ದು ಇದೊಂದ. ಇದನ್ನೂ ಕೊಟ್ಟಬಿಡು ಅಂದ್ರ ಹೆಂಗ?"

ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಇನ್ನು ನನ್ನ ಗಾಡಿಯ ವಿಷಯ. ನಾನು ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ನಿವೃತ್ತಿಗೆ ಆರು ವರ್ಷ ಉಳಿದಿರುವಾಗ ಎತ್ತರದ ಒಂದು ಹೊಸ ಗಾಡಿ ಕೊಂಡೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಕೊಡುವಂಥದು, ಗುಡ್ಡ ಹತ್ತುವಂಥದು. ನಮ್ಮ ಓಣಿಯಲ್ಲಿ ಗುಡ್ಡವಿಲ್ಲ ಎಂಬುದು ಬೇರೆ ಮಾತು. ಗಾಡಿಯ ಜೊತೆ ಬಂದ ಪುಸ್ತಕವನ್ನು ಮೂರು ಸಲ ಓದಿದೆ. ಅದರಲ್ಲಿದ್ದ 'ಇಂಡಿಪೆಂಡೆಂಟ್ ಫ್ರಂಟ್ ಸಸ್ಪೆನ್ಷನ್' ಎಂಬ ಮೂರು ಶಬ್ದಗಳು ನನ್ನ ನಾಲಗೆಗೆ ಹತ್ತಿಬಿಟ್ಟವು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಹೇಳಿದೆ, ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂತಾಗ ಹೇಳಿದೆ. ಹತ್ತನೇ ಇಯತ್ತೆಯ ಮಕ್ಕಳಿಗೆ ಸನ್ನೆಕೋಲಿನ ಪಾಠ ಮಾಡುತ್ತ ಅದನ್ನು ಎಳೆದು ತಂದು ಹಲಗೆಯ ಮೇಲೆ ಚಿತ್ರವನ್ನೂ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಇದು ಪರೀಕ್ಷಾಕ್ಕ ಬರತೈತೇನ್ರಿ?" ಎಂದು ಕೇಳಿದ ಮೇಲೆ ಅಳಿಸಿದೆ.

ಅಕ್ಕನ ಮುಂದೆಯೂ ಹೇಳಿದೆ. ಆಕೆ ಕಬ್ಬಿನ ಸೋಗೆ ಕಟ್ಟುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಇಂಡಿಪೆಂಡೆಂಟ್ ಅಂದ್ರ ಸ್ವತಂತ್ರ ಅಲ್ಲೇನು? ಗಾಲಿ ತಮಗ ಬೇಕಾದಲ್ಲಿ ಹೋಗತಾವೇನು?"

"ಹಂಗಲ್ಲಕ್ಕಾ. ಮುಂದಿನ ಎರಡೂ ಗಾಲಿ ಬ್ಯಾರೆ ಬ್ಯಾರೆ ಏರಿಳಿತಾವ."

"ನಮ್ಮ ಗಾಡಿದು ಜೋಡೀಲೆ ಏರಿಳಿತಾವ. ಅದಕ್ಕೇನ ಆಗೇತಿ?"

ವಾದ ಅಲ್ಲಿಂದ ಶುರುವಾಯಿತು. ಮೂರು ವರ್ಷ ನಡೆಯಿತು. ಯಾವ ಕಾರಣಕ್ಕೆ ಫೋನ್ ಮಾಡಿದರೂ ಮಾತು ಕಡೆಗೆ ಗಾಲಿಗೇ ಬಂದು ನಿಲ್ಲುತ್ತಿತ್ತು. ಕಮಲಾ ರೋಸಿಹೋಗಿ, "ಅಕ್ಕ ತಮ್ಮ ಇಬ್ಬರೂ ಯಾರರೆ ತಿಳದವರ ಕಡೆ ಹೋಗಿ ಕೇಳಿ ಮುಗಸ್ರಿ" ಎಂದಳು. ಹಾಗೆ ನಾವು ಜಮಖಂಡಿಯ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿಗೆ ಹೋದೆವು. ಮಾಮಾ ಇದ್ದ ಕಾಲದಿಂದಲೂ ಅಕ್ಕನ ಜೀಪಿನ ಬಿಚ್ಚುವಿಕೆ ಕಟ್ಟುವಿಕೆ ಎಲ್ಲ ಅವರದೇ. ಬಿಳಿ ಗಡ್ಡ, ಕಿವಿಯ ಸಂದಿನಲ್ಲಿ ಸದಾ ಒಂದು ಪೆನ್ಸಿಲ್ಲು.

ಮಿಸ್ತ್ರಿ ಇಬ್ಬರಿಗೂ ಚಹಾ ತರಿಸಿ, ಮೂಲೆಯಿಂದ ಒಂದು ಕಬ್ಬಿಣದ ಪೈಪು ತಂದು ಹೆಗಲ ಮೇಲೆ ಅಡ್ಡ ಇಟ್ಟುಕೊಂಡರು.

"ನೋಡ್ರಿ ಸರ್, ಅಕ್ಕಾರ ಜೀಪಿಂದು ಹಿಂಗ. ಎರಡೂ ಗಾಲಿಗೆ ಒಂದ ಆಕ್ಸಲ್. ಕಾವಡಿ ಇದ್ದಂಗ. ಈ ಕಡಿ ಮ್ಯಾಲೆ ಹೋದ್ರ ಆ ಕಡಿ ಕೆಳಗ ಒತ್ತತೈತಿ. ಹಿಂಗಾಗಿ ಎಂಥಾ ಖಡ್ಡ್ಯಾಗೂ ಗಾಲಿ ನೆಲಾ ಬಿಡೂದಿಲ್ಲ." ಆಮೇಲೆ ಪೈಪು ಕೆಳಗಿಟ್ಟು ಎರಡೂ ತೋಳು ಚಾಚಿ ಒಂದನ್ನಷ್ಟೇ ಅಲ್ಲಾಡಿಸಿದರು. "ನಿಮ್ಮ ಗಾಡಿದು ಹಿಂಗ. ಇದಕ್ಕ ಕಲ್ಲು ತಾಕಿದ್ರ ಅದಕ್ಕ ಸುದ್ದಿನ ಇಲ್ಲ. ಒಳಗ ಕುಂತಾವರಿಗೂ ಸುದ್ದಿ ಇಲ್ಲ. ಮೈಗೆ ಹಗುರ."

"ಹಂಗಾದ್ರ ಛಲೋದು ಯಾವುದ್ರಿ?" ಎಂದೆ.

"ಓಡೂ ರಸ್ತಾಕ್ಕ ನಿಮ್ಮದು. ಹಳ್ಳ ದಾಟಾಕ ಅಕ್ಕಾರದು."

"ಎರಡೂ ಬೇಕಾದಾವ್ರು?" ಅಕ್ಕ ಕೇಳಿದಳು.

"ಎರಡು ಗಾಡಿ ಇಟಗೋಬೇಕ್ರಿ," ಎಂದು ಮಿಸ್ತ್ರಿ ಚಹಾದ ಕಪ್ಪು ಕೆಳಗಿಟ್ಟರು. ನ್ಯಾಯ ಹೇಳುವವರು ಹೀಗೆ ಇಬ್ಬರಿಗೂ ಅರ್ಧರ್ಧ ಹಂಚಿದರೆ ಜಗಳ ಹೇಗೆ ಮುಗಿಯಬೇಕು? ಮುಂದಿನ ಐತವಾರ ನಾನು ನನ್ನ ಗಾಡಿಯನ್ನು ಅಕ್ಕನ ಹಳ್ಳಕ್ಕೇ ಒಯ್ದೆ.

ಬೇಸಿಗೆಯ ದಿನ, ಹಳ್ಳ ಒಣಗಿತ್ತು. ಅಕ್ಕ ಜೀಪಿನಲ್ಲಿ ಸಾವಕಾಶ ಇಳಿದು, ಓರೆಯಾಗಿ ದಾಟಿ, ಆಚೆ ದಂಡೆ ಹತ್ತಿ ನಿಂತಳು. ಜೀಪು ಅತ್ತಿತ್ತ ವಾಲಿತೇ ಹೊರತು ಒಂದು ಗಾಲಿಯೂ ನೆಲ ಬಿಡಲಿಲ್ಲ. ನಾನು ಅದೇ ಜಾಡಿನಲ್ಲಿ ಹೋದೆ. ನಡುವಿಗೆ ಬರುತ್ತಿದ್ದಂತೆ ನನ್ನ ಗಾಡಿಯ ಮುಂದಿನ ಎಡಗಾಲಿ ನಾಯಿ ಕಾಲೆತ್ತಿದ ಹಾಗೆ ಗಾಳಿಗೇರಿತು. ಆಕ್ಸಿಲರೇಟರ್ ಒತ್ತಿದೆ. ಎತ್ತಿದ ಗಾಲಿ ಗಿರಗಿರ ತಿರುಗಿತು, ಗಾಡಿ ಕದಲಲಿಲ್ಲ. ಹೊಟ್ಟೆಯ ಕೆಳಗೆ ಕಲ್ಲು ಕರ್ರೆಂದಿತು. ಅಕ್ಕ ಇಳಿದು ಬಂದು, ತಿರುಗುತ್ತಿದ್ದ ಗಾಲಿಯನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಭಾಳ ಸ್ವತಂತ್ರ ಆಗೇತಿ ನೋಡು ಇದು," ಎಂದಳು. ಆಮೇಲೆ ಹಗ್ಗ ತಂದು ಜೀಪಿಗೆ ಕಟ್ಟಿ ಎಳೆದಳು. ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಂತೂ ಇಲ್ಲ.

ನನಗೂ ಒಂದು ಅವಕಾಶ ಬಂತು. ಲೋಕಾಪುರದ ಕಡೆ ಬೀಗರ ಮನೆಗೆ ಹೋಗಬೇಕಿತ್ತು, ರಸ್ತೆಯನ್ನು ರಿಪೇರಿಗೆಂದು ಅಗೆದು ಹಾಕಿದ್ದರು. ಅಕ್ಕನನ್ನು ನನ್ನ ಗಾಡಿಯಲ್ಲಿ ಕೂಡಿಸಿಕೊಂಡು ಆ ಜಲ್ಲಿಯ ಮೇಲೆ ಬೇಕೆಂದೇ ಜೋರಾಗಿ ಹೊಡೆದೆ. ಅವಳ ಜೀಪಾಗಿದ್ದರೆ ಹಲ್ಲು ಉದುರಬೇಕಿತ್ತು. ಪಕ್ಕಕ್ಕೆ ನೋಡಿದರೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾಳೆ. ಎದ್ದ ಮೇಲೆ ಕೇಳಿದೆ. "ರಾತ್ರಿ ನಿದ್ದಿ ಆಗಿರಲಿಲ್ಲ" ಎಂದು ಮುಖ ಕಿಟಕಿಯ ಕಡೆ ತಿರುಗಿಸಿದಳು.

ಕಳೆದ ವರ್ಷ ಮಳೆಗಾಲದ ಒಂದು ಐತವಾರ ಅಕ್ಕ ಶೇಂಗಾ ಹೋಳಿಗೆಗೆ ಕರೆದಳು. ಎರಡು ದಿನ ಸತತ ಮಳೆ ಹಿಡಿದು, ಎರೆಮಣ್ಣು ಬೆಣ್ಣೆಯಂತಾಗಿತ್ತು. ಬುದ್ಧಿ ಬಂದವನಾದ್ದರಿಂದ ನನ್ನ ಗಾಡಿಯನ್ನು ಟಾರ್ ರಸ್ತೆಯ ಬದಿಯ ಚಾದಂಗಡಿಯ ಹತ್ತಿರ ನಿಲ್ಲಿಸಿದೆ. ಅಕ್ಕ ಜೀಪು ತಂದು ನನ್ನನ್ನು ಹತ್ತಿಸಿಕೊಂಡು ಹೋದಳು. ಮಧ್ಯಾಹ್ನ ಊಟವಾಯಿತು. ಹೋಳಿಗೆ ಜಾಸ್ತಿಯಾಗಿ ನಾನು ಹೊರಸಿನ ಮೇಲೆ ಅಡ್ಡಾದೆ. ಬಾವಿಯ ಹತ್ತಿರದ ಮೋಟರು ಮನೆಯ ಹಂಚು ಸೋರಿ ಸ್ಟಾರ್ಟರಿನ ಮೇಲೆ ನೀರು ಬೀಳುತ್ತದೆಂದು ಅಕ್ಕ ತಾಡಪತ್ರಿ ಹಿಡಿದು ಹೋದಳು.

ಸ್ವಲ್ಪ ಹೊತ್ತಿಗೆ ಕಾಶವ್ವ ಕೂಗಿದ್ದು ಕೇಳಿಸಿತು. ಕಾಶವ್ವ, ಅವಳ ಗಂಡ ಯಮನಪ್ಪ ಇಬ್ಬರೂ ಇಪ್ಪತ್ತು ವರ್ಷದಿಂದ ಅಕ್ಕನ ತೋಟದಲ್ಲೇ ಇದ್ದಾರೆ. ಓಡಿಹೋದೆ. ಮೋಟರು ಮನೆಯ ಮೆಟ್ಟಿಲ ಕೆಳಗೆ ಕೆಸರಿನಲ್ಲಿ ಅಕ್ಕ ಬಿದ್ದಿದ್ದಳು. ಎಡಗಾಲು ಮೊಣಕಾಲ ಕೆಳಗೆ ತಿರುಗಬಾರದ ಕಡೆ ತಿರುಗಿತ್ತು. ಅಕ್ಕ ಅಂದಳು:

"ತಾಡಪತ್ರಿ ಹೊಚ್ಚು ಮದಲ. ಸ್ಟಾರ್ಟರ್ ತೋಯಾಕತ್ತೈತಿ."

ಹೊಚ್ಚಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಗಾಡಿ ಬೇರೆ ಕಡೆ ಹೋಗಿದೆ, ಹೊತ್ತಾಗುತ್ತದೆ, ಬಂದರೂ ಈ ಕೆಸರಿನಲ್ಲಿ ಟಾರ್ ರಸ್ತೆ ಬಿಟ್ಟು ಒಳಗೆ ಬರಲಾಗದು ಎಂದರು. ನನ್ನ ಗಾಡಿ ಆ ರಸ್ತೆಯಲ್ಲೇ ನಿಂತಿದೆ. ಆದರೆ ಅದಕ್ಕೂ ನಮಗೂ ನಡುವೆ ಮೂರು ಕಿಲೋಮೀಟರು ಕೆಸರು ಮತ್ತು ನೀರು ಹರಿಯುವ ಹಳ್ಳ. ಹೊರಸಿನ ಮೇಲೆ ಹೊತ್ತೊಯ್ಯಲು ನಾಲ್ಕು ಹೆಗಲು ಬೇಕು, ಇದ್ದ ಗಂಡಸರು ಇಬ್ಬರು. ಯಮನಪ್ಪನಿಗೆ ಎತ್ತು ಬಿಟ್ಟರೆ ಬೇರೆ ಏನನ್ನೂ ಹೊಡೆಯಲು ಬಾರದು. ಎಲ್ಲರೂ ಜೀಪಿನ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು.

ಮೂರು ವರ್ಷ ಆ ಜೀಪನ್ನು ಬೈದಿದ್ದೆನೇ ಹೊರತು ಒಂದು ದಿನವೂ ಅದರ ಸ್ಟೀರಿಂಗ್ ಹಿಡಿದವನಲ್ಲ.

ಎರಡು ಹಲಗೆಯ ತುಂಡುಗಳ ನಡುವೆ ಕಾಲಿಟ್ಟು, ಹಳೆಯ ಸೀರೆ ಹರಿದು ಕಟ್ಟಿದೆವು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅಕ್ಕನೇ ಹೇಳಿದಳು. ಜೀಪಿನ ಹಿಂದೆ, ಬೆಂಚುಗಳ ನಡುವೆ ಗಾದಿ ಹಾಸಿ ಮಲಗಿಸಿದೆವು. ಯಮನಪ್ಪ ಕಾಲು ಹಿಡಿದು ಕೂತ, ಕಾಶವ್ವ ತಲೆ ತೊಡೆಯ ಮೇಲಿಟ್ಟುಕೊಂಡಳು. ನಾನು ಮುಂದೆ ಹತ್ತಿ ಸುಮ್ಮನೆ ಕೂತೆ.

"ಏನ ಮಾಡಾಕತ್ತೀ?" ಹಿಂದಿನಿಂದ ಅಕ್ಕ.

"ಇದರ ಗೇರ್ ಎಲ್ಲಿ ಅದಾವು ನೋಡಾಕತ್ತೇನಿ."

"ಸಣ್ಣ ದಂಡಿ ಹಿಂದಕ್ಕ ಜಗ್ಗು, ನಾಕೂ ಗಾಲಿ ಎಳಿತಾವ. ದೊಡ್ಡದು ಮೊದಲನೇದಕ್ಕ ಹಾಕು. ಕ್ಲಚ್ ಬಿಡೂದು ಸಾವಕಾಶ, ಕೂಸಿನ ಮಲಗಿಸಿ ಕೈ ತಗದಂಗ."

ಬಿಟ್ಟೆ. ಜೀಪು ನರಳುತ್ತ ಕದಲಿತು. ಮೊದಲ ಕಲ್ಲಿಗೇ ಇಡೀ ಗಾಡಿ ಎಡಕ್ಕೆ ವಾಲಿತು, ಹಿಂದೆ ಅಕ್ಕ ಹಲ್ಲಿನ ಸಂದಿನಿಂದ ಉಸಿರೆಳೆದ ಸದ್ದು ಬಂತು. ಆ ಸದ್ದು ಕೇಳಿದ್ದೇ ನನ್ನ ಕಾಲು ಬ್ರೇಕಿಗೆ ಹೋಯಿತು.

"ನಿಲ್ಲಸಬ್ಯಾಡ. ನಿಂತ್ರ ಹುಗಿತೈತಿ."

ಹೋದೆವು. ಮಳೆಯ ಹನಿ ಗಾಜಿನ ಮೇಲೆ. ಒರೆಸುವ ಕಡ್ಡಿ ಒಂದೇ ಕಡೆ ಕೆಲಸ ಮಾಡುತ್ತಿತ್ತು, ಅದೂ ನನ್ನ ಕಡೆಯದಲ್ಲ. ಸ್ಟೀರಿಂಗ್ ಕೈಯಲ್ಲಿ ಎತ್ತಿನ ಕೊಂಬಿನ ಹಾಗೆ ಕೊಸರುತ್ತಿತ್ತು. ಆಗ ನನಗೆ ಒಂದು ಆಶ್ಚರ್ಯ ಕಂಡಿತು. ಅಕ್ಕ ಮಲಗಿದ್ದಾಳೆ, ಕಣ್ಣಿಗೆ ಕಾಣುವುದು ಜೀಪಿನ ಬಟ್ಟೆಯ ಮಾಡು ಮಾತ್ರ. ಆದರೂ ಹೇಳುತ್ತಿದ್ದಾಳೆ:

"ಈಗ ಬೇವಿನ ಗಿಡದ ಹಂತೇಕ ಬಂದಿ. ಬಲಕ್ಕ ಒಂದು ಬಂಡಿಗಲ್ಲು ಐತಿ, ನೀರಾಗ ಮುಣಗಿರಬೇಕು. ಅದರ ಮ್ಯಾಲೆ ಬಲಗಾಲಿ ಏರಸು. ಅಂಜಬ್ಯಾಡ. ಎಡಗಡೇದು ತಾನ ಕೆಳಗ ಒತ್ತಿ ಹಿಡಿತೈತಿ."

ಏರಿಸಿದೆ. ಬಲಗಾಲಿ ಮೇಲೆ ಹೋಯಿತು, ಎಡಗಾಲಿ ಕೆಸರಿನೊಳಗೆ ಗಟ್ಟಿಯಾಗಿ ಕಚ್ಚಿತು. ಮಿಸ್ತ್ರಿ ಹೆಗಲ ಮೇಲೆ ಪೈಪು ಇಟ್ಟು ತೋರಿಸಿದ್ದು ನನ್ನ ಕುಂಡಿಗೆ ಅಂದು ಅರ್ಥವಾಯಿತು.

"ನಿನಗ ಹೆಂಗ ಗೊತ್ತಾಗಾಕತ್ತೈತಿ ಅಕ್ಕಾ? ಕಾಣಸ್ತೈತೇನು?"

"ಬೆನ್ನಿಗೆ ಗೊತ್ತಾಗತೈತಿ. ಮೂವತ್ತು ವರ್ಷ ಆತು, ಒಂದೊಂದ ಕಲ್ಲೂ ಪರಿಚಯ."

ಹಳ್ಳ ಬಂತು. ತೊಡೆಯ ಮಟ್ಟ ಕದಡಿದ ನೀರು. ಎದುರು ದಂಡೆ ಜಾರುಗುಂಡಿಯಾಗಿತ್ತು. ನಾನು ಹೇಳಿದೆ, "ಅಕ್ಕಾ, ಹಳ್ಳಕ್ಕ ಬಂದೀವಿ. ನೀರು ಭಾಳ ಐತಿ." ಹಿಂದಿನಿಂದ ಉತ್ತರವಿಲ್ಲ.

"ಅಕ್ಕಾ?"

ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ತಿರುಗಿ ನೋಡಲಾರೆ, ಜೀಪು ಆಗಲೇ ಇಳಿಜಾರಿಗೆ ಮೂಗು ಚಾಚಿದೆ. "ಕಾಶವ್ವಾ, ಅಕ್ಕ ಹೆಂಗದಾಳ ನೋಡು" ಎಂದೆ. ನನ್ನ ದನಿ ನನ್ನದಾಗಿರಲಿಲ್ಲ, ಎಂಟು ವರ್ಷದ ಹುಡುಗನದಾಗಿತ್ತು.

"ಮಾತಾಡ್ಸಬ್ಯಾಡ," ಅಕ್ಕನ ದನಿ ಬಂತು, ತೀರ ಸಣ್ಣಗೆ. "ಸೆರಗು ಕಚ್ಚಿ ಹಿಡದೇನಿ. ನೀ ನಡಿ."

ನಡೆದೆ. ನೀರು ಬಾಗಿಲ ತನಕ ಬಂತು. ಹಳ್ಳದ ತಳದ ಒಂದೊಂದು ಕಲ್ಲೂ ಗಾಲಿಯಿಂದ ಆಕ್ಸಲಿಗೆ, ಆಕ್ಸಲಿನಿಂದ ಪಾಟಾಗೆ, ಪಾಟಾದಿಂದ ಅವಳ ಎಲುಬಿಗೆ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ದಾಟಿಸಬಲ್ಲ ಗಾಡಿ ಅದೊಂದೇ, ದಾಟಿಸುವಾಗ ನೋಯಿಸುವುದೂ ಅದೇ. ಎದುರು ದಂಡೆಯಲ್ಲಿ ಒಮ್ಮೆ ಜಾರಿತು, ಮತ್ತೆ ಜಾರಿತು, ಮೂರನೆಯ ಸಲಕ್ಕೆ ನಾಲ್ಕೂ ಗಾಲಿ ಹಿಡಿದುಕೊಂಡು ಮೇಲೆ ಹತ್ತಿತು. ಹಿಂದೆ ಯಮನಪ್ಪ ದೇವರ ಹೆಸರು ಹೇಳಿದ. ನನಗೆ ಕಣ್ಣು ಮಂಜಾಗಿ ದಾರಿ ಕಾಣಲಿಲ್ಲ, ಅಕ್ಕನ ಹಾಗೆ ನಾನೂ ಬೆನ್ನಿನಿಂದಲೇ ಹೊಡೆದೆ.

ಚಾದಂಗಡಿಯ ಹತ್ತಿರ ನಿಂತಿದ್ದ ಇಬ್ಬರು ರೈತರು ಓಡಿಬಂದು ಕೈ ಹಚ್ಚಿದರು. ನನ್ನ ಗಾಡಿಯ ಹಿಂದಿನ ಸೀಟು ಮಡಚಿ, ಗಾದಿಯ ಸಮೇತ ಅಕ್ಕನನ್ನು ಅದಕ್ಕೆ ಸರಿಸಿದೆವು. ಯಮನಪ್ಪ ಜೀಪಿನ ಕಾವಲಿಗೆ ಉಳಿದ, ಕಾಶವ್ವ ನಮ್ಮ ಜೊತೆ ಬಂದಳು. ಜಮಖಂಡಿಯ ರಸ್ತೆಯೂ ಆ ಮಳೆಗೆ ಅಲ್ಲಲ್ಲಿ ಕಿತ್ತುಹೋಗಿತ್ತು. ತಗ್ಗು ಬಂದಾಗೆಲ್ಲ ಕಿವಿ ಹಿಂದಕ್ಕೆ ಕೊಟ್ಟೆ, ಆದರೆ ಹಿಂದಿನಿಂದ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಕೇಳಿದಳು:

"ಎಲ್ಲಿಗೆ ಬಂದ್ವಿ?"

"ಜಮಖಂಡಿ ಗುಡ್ಡ ಕಾಣಾಕತ್ತೈತಿ."

"ಖರೆ? ನನಗೇನೂ ಗೊತ್ತಾಗವಲ್ದು." ಸ್ವಲ್ಪ ತಡೆದು ಅಂದಳು, "ನೋವೂ ಗೊತ್ತಾಗವಲ್ದು. ಛಲೋ ಗಾಡಿ ತಗೊಂಡಿ ತಮ್ಮಾ."

ಮೂರು ವರ್ಷ ಆ ಮಾತಿಗಾಗಿ ಕಾದಿದ್ದೆ. ಬಂದಾಗ ಬೇಡವಾಗಿತ್ತು. ಎದ್ದು ಕೂತು, ಸೊಂಟದ ಮೇಲೆ ಕೈಯಿಟ್ಟು ನನ್ನ ಗಾಲಿಗಳನ್ನು ಬಯ್ದರೆ ಸಾಕಾಗಿತ್ತು.

ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದಿದ್ದವು. ಆಪರೇಶನ್ ಮಾಡಿ ಒಳಗೆ ರಾಡು ಹಾಕಿದರು. ಮೂರನೆಯ ದಿನ ರೌಂಡಿಗೆ ಬಂದ ಡಾಕ್ಟರಿಗೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಕ್ಲಚ್ ಯಾವಾಗ ತುಳಿಬೌದ್ರಿ?" ಚಿಕ್ಕ ವಯಸ್ಸಿನ ಡಾಕ್ಟರು. ಹೊಲಿಗೆಯ ಮಷೀನಿನ ವಿಷಯ ಎಂದುಕೊಂಡರೇನೋ, "ಎರಡು ತಿಂಗಳು ಬಿಟ್ಟು ಹೊಲೀರಿ ಅಮ್ಮಾ" ಎಂದರು. ನಾನು ಜೀಪು ಎಂದು ವಿವರಿಸಿದೆ. ಅವರು ನಕ್ಕು, ಆಮೇಲೆ ನಗು ನಿಲ್ಲಿಸಿ, ಅರವತ್ತು ದಾಟಿದವರ ಎಲುಬು ಕೂಡಲು ಹೊತ್ತು ಹಿಡಿಯುತ್ತದೆ, ಅದನ್ನು ಮರೆತುಬಿಡುವುದು ಒಳ್ಳೆಯದು ಎಂದರು. ಸಾಂಗ್ಲಿಯಿಂದ ಬಂದಿದ್ದ ಸುಜಾತಾ ನನ್ನನ್ನು ವರಾಂಡಕ್ಕೆ ಕರೆದು ಜೀಪಿನ ಚಾವಿಯನ್ನು ನನ್ನ ಕೈಗಿಟ್ಟಳು.

"ಮಾಮಾ, ಇದು ಇನ್ನ ನಿಮ್ಮ ಕಡೆನ ಇರಲಿ. ಅವ್ವಗ ಕೊಡಬ್ಯಾಡ್ರಿ. ನನಗ ಮಾತು ಕೊಡ್ರಿ."

ಕೊಟ್ಟೆ. ಆ ಗಳಿಗೆಯಲ್ಲಿ ಅದೇ ಸರಿ ಅನ್ನಿಸಿತ್ತು.

ಅಕ್ಕನನ್ನು ಬನಹಟ್ಟಿಗೆ, ನಮ್ಮ ಮನೆಗೆ ಕರೆತಂದೆವು. ನಮ್ಮ ಓಣಿಯಲ್ಲಿ ಬೆಳಗಾದರೆ ಪಾವರ್‌ಲೂಮುಗಳ ಖಟಖಟ. ಹೊಸಬರಿಗೆ ತಲೆನೋವು ಬರುತ್ತದೆ. ಅಕ್ಕ ಎರಡೇ ದಿನಕ್ಕೆ, "ಮೂರನೇ ಮನೀದೊಂದು ಮಗ್ಗ ಸರಿ ಹೊಡಿವಲ್ದು, ಯಾವುದೋ ಬೋಲ್ಟ್ ಸಡಲ ಆಗೇತಿ" ಎಂದಳು. ವಿಚಾರಿಸಿದರೆ ಹೌದಾಗಿತ್ತು. ರಾತ್ರಿ ಉಣ್ಣದ ವ್ರತ ಅಕ್ಕನದು, ಹೊತ್ತು ಮುಳುಗುವ ಮೊದಲೇ ಕಮಲಾ ಅವಳಿಗೆ ಊಟಕ್ಕೆ ಕೊಡುತ್ತಿದ್ದಳು. ಊಟವಾದ ಮೇಲೆ ವ್ಯಾಯಾಮ. ಪಾದವನ್ನು ಯಾವುದಾದರೂ ಒಂದಕ್ಕೆ ಆನಿಸಿ ಒತ್ತಬೇಕು, ಬಿಡಬೇಕು ಎಂದು ಹೇಳಿಕೊಟ್ಟಿದ್ದರು. ಗೋಡೆಗೆ ದಿಂಬು ಇಟ್ಟು ನೋಡಿದೆವು, ದಿಂಬು ಜಾರುತ್ತಿತ್ತು. ಕಡೆಗೆ ನಾನೇ ನೆಲದ ಮೇಲೆ ಕೂತು ಅಂಗೈ ಒಡ್ಡಿದೆ.

ಅವಳ ಪಾದ ನನ್ನ ಅಂಗೈ ಮೇಲೆ. ಹಿಮ್ಮಡಿ ಒಡೆದ, ಹೊಲದ ಮಣ್ಣು ಗೆರೆಗಳಲ್ಲಿ ಕೂತುಬಿಟ್ಟ ಪಾದ. ಅದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಮೊದಲ ವಾರ ಒತ್ತಿದರೆ ಬೆಕ್ಕಿನ ಮರಿ ಕಾಲಿಟ್ಟ ಹಾಗಿತ್ತು. ಅವಳ ಹಣೆಯ ಮೇಲೆ ಬೆವರು ಬರುತ್ತಿತ್ತು. ನಾನು "ಒತ್ತು... ಬಿಡು..." ಎನ್ನುತ್ತಿದ್ದೆ. ಒಂದು ದಿನ ಅವಳು "ಎರಡನೇ ಗೇರ್" ಎಂದಳು. ಅಲ್ಲಿಂದ ನಾನು ಬಾಯಲ್ಲಿ ಎಂಜಿನ್ನಿನ ಸದ್ದನ್ನೂ ಮಾಡತೊಡಗಿದೆ. ಹತ್ತನೇ ಇಯತ್ತೆಯ ವಿಜ್ಞಾನದ ಮಾಸ್ತರನೊಬ್ಬ ನೆಲದ ಮೇಲೆ ಕೂತು ಬುರ್ರ್ ಎನ್ನುವುದನ್ನು ಪಕ್ಕದ ಮನೆಯವರು ಕಿಟಕಿಯಿಂದ ನೋಡಿದ್ದಾರೆ. ನೋಡಲಿ.

ತಿಂಗಳುಗಳು ಹೋದವು. ಕೋಲು ಹಿಡಿದು ನಡೆದಳು, ಕೋಲು ಬಿಟ್ಟು ನಡೆದಳು. ನಾನು ಒಂದು ಕೈಯ ಬದಲು ಎರಡು ಕೈ ಒಡ್ಡಬೇಕಾಯಿತು. "ಇನ್ನೂ ಬಿರುಸು ಹಿಡಿ, ನಮ್ಮ ಗಾಡಿ ಕ್ಲಚ್ ಇಷ್ಟ ಮೆತ್ತಗಿಲ್ಲ" ಎನ್ನುತ್ತಿದ್ದಳು. ಆದರೆ ಚಾವಿ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ನನ್ನ ಪ್ಯಾಂಟಿನ ಕಿಸೆಯಲ್ಲಿರುವುದು ಅವಳಿಗೆ ಗೊತ್ತಿತ್ತು. ಅವಳು ಕೇಳಿದ್ದರೆ ನನಗೆ ಇಲ್ಲ ಎನ್ನಲು ಸುಲಭವಾಗುತ್ತಿತ್ತು.

ನಾನು ತಿಂಗಳಿಗೆರಡು ಸಲ ಹುನ್ನೂರಿಗೆ ಹೋಗಿ ಜೀಪು ಚಾಲೂ ಮಾಡಿ ಬರುತ್ತಿದ್ದೆ. ಒಮ್ಮೆ ಅದನ್ನು ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಸವೆದದ್ದನ್ನು ಬದಲಿಸಿ, ಕ್ಲಚ್ಚಿನ ಬಿಗಿ ಕಡಿಮೆ ಮಾಡಲು ಬರುತ್ತದೇನು ಎಂದು ಕೇಳಿದೆ. ಮಿಸ್ತ್ರಿ ನನ್ನ ಮುಖ ನೋಡಿದರು.

"ಅಕ್ಕಾರು ಮತ್ತ ಹೊಡಿತಾರೇನ್ರಿ?"

"ಬ್ಯಾಡ ಅಂತ ಎಲ್ಲಾರೂ ಹೇಳತಾರ."

"ನೀವೇನ ಹೇಳತೀರಿ?"

ನಾನು ಪೆಡಲಿನ ಕಡೆ ಕೈ ತೋರಿಸಿದೆ. ಮಿಸ್ತ್ರಿ ಅದರ ಕೆಳಗೆ ತಲೆ ಹಾಕಿ ಮಲಗಿ, ಅರ್ಧ ತಾಸು ಏನೇನೋ ಮಾಡಿ ಎದ್ದರು. "ಈಗ ತುಳದ ನೋಡ್ರಿ" ಎಂದರು. ತುಳಿದೆ. ನನ್ನ ಅಂಗೈಗಳು ತಾಳಿಕೊಳ್ಳುವಷ್ಟೇ ಇತ್ತು ಅದರ ಬಿಗಿ.

ಅವತ್ತು ಸಂಜೆ ಸುಜಾತಾಳಿಗೆ ಫೋನ್ ಮಾಡಿದೆ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದೆ. ಅವಳು "ನೀವು ಜೋಡೀಲೆ ಇರತೀರೇನ್ರಿ?" ಎಂದಷ್ಟೇ ಕೇಳಿದಳು. ಇರುತ್ತೇನೆ ಎಂದೆ.

ಮಾಘದ ಒಂದು ಬೆಳಿಗ್ಗೆ ಅಕ್ಕನನ್ನು ಹುನ್ನೂರಿಗೆ ಕರೆದೊಯ್ದೆ. ಟಾರ್ ರಸ್ತೆಯ ಬದಿಗೆ ಜೀಪು ತಂದು ನಿಲ್ಲಿಸಿದ್ದೆ. ಚಾವಿ ಕೊಟ್ಟೆ. ಅದನ್ನು ಒಮ್ಮೆ ಸೆರಗಿನಿಂದ ಒರೆಸಿದಳು, ಅಷ್ಟೇ. ಹತ್ತಲು ನಾನು ಕೈ ಕೊಡಬೇಕಾಯಿತು. ಮೊದಲ ಸಲ ಎಂಜಿನ್ ಆರಿತು, ಎರಡನೆಯ ಸಲವೂ. ಮೂರನೆಯ ಸಲಕ್ಕೆ ಹೊರಟಿತು. ಕಬ್ಬು ಕಡಿಯುವ ಕಾಲ, ದಾರಿಯ ಗಾಲಿಜಾಡು ಮತ್ತೆ ಆಳವಾಗಿತ್ತು. ಹಳ್ಳದ ದಂಡೆಗೆ ಬಂದು ಅಕ್ಕ ಜೀಪು ನಿಲ್ಲಿಸಿದಳು. ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರು, ಆದರೆ ಮಳೆಗಾಲ ತಳದ ಕಲ್ಲುಗಳನ್ನೆಲ್ಲ ಸ್ಥಳ ಬದಲಿಸಿ ಹೋಗಿತ್ತು. ಅವಳಿಗೆ ಪರಿಚಯವಿದ್ದ ಒಂದು ಕಲ್ಲೂ ಅಲ್ಲಿರಲಿಲ್ಲ.

ಸ್ಟೀರಿಂಗ್ ಹಿಡಿದ ಕೈ ಹಾಗೇ ಇತ್ತು. ಎಡಗಾಲು ಸಣ್ಣಗೆ ನಡುಗುತ್ತಿದ್ದುದನ್ನು ನಾನು ನೋಡಿದೆ, ನೋಡದವನ ಹಾಗೆ ಮುಂದೆ ನೋಡಿದೆ.

"ಇಳಿ," ಎಂದಳು. "ಮುಂದ ನಡಿ. ಎಲ್ಲಿ ಏರಸಬೇಕು ಕೈ ಮಾಡಿ ತೋರಸು."

ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದೆ. ಜೀಪಿಗೆ ಮುಖ ಮಾಡಿ, ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ, ಕಾಲಿನಿಂದ ಕಲ್ಲು ತಡವಿ ತಡವಿ ಕೈ ಮಾಡಿದೆ. ಬಲಕ್ಕೆ ಎಂದರೆ ಬಲಕ್ಕೆ ಬಂದಳು. ಎಡಕ್ಕೆ ಎಂದರೆ ಎಡಕ್ಕೆ. ತಡಿ ಎಂದು ಅಂಗೈ ಎತ್ತಿದರೆ ಜೀಪು ನಿಂತಿತು. ಚಕ್ಕಡಿಯ ಕಾಲದಿಂದ ಈ ತನಕ ಪದ್ದಕ್ಕ ನನ್ನ ಮಾತು ಕೇಳಿದ್ದು ಅದೇ ಮೊದಲು. ಗಾಜಿನ ಹಿಂದೆ ಅವಳ ಮುಖ ನನ್ನ ಕೈಗಳನ್ನೇ ನೋಡುತ್ತಿತ್ತು. ಗಾಲಿಗಳು ಒಂದು ಏರಿ ಒಂದು ಇಳಿದು, ಒಂದರ ಭಾರ ಒಂದು ಹೊತ್ತು ಬಂದವು.

ಆಚೆ ದಂಡೆ ಹತ್ತಿ ಎಂಜಿನ್ ನಿಲ್ಲಿಸಿದಳು. ನಾನು ಒದ್ದೆಗಾಲಲ್ಲಿ ಬಾಗಿಲ ಹತ್ತಿರ ಹೋದೆ. ಅವಳ ಮುಖವೆಲ್ಲ ಬೆವರು.

"ಕಾಲು ನೋಯಾಕತ್ತೈತೇನು?"

"ಕಾಲಿಂದಲ್ಲ. ಕ್ಲಚ್ ಜಾರಿದ್ರ ನಿನ್ನ ಮ್ಯಾಲೆ ಬರತೇನಿ ಅಂತ ಅಂಜಿಕಿ ಹತ್ತಿತ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಒಂದ ಕಲ್ಲೂ ತಪ್ಪು ತೋರಸಲಿಲ್ಲ ನೋಡು."

ನಾನು ಅವಳ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನಿಂತೆ. ನಡುಕ ನಿಂತಮೇಲೆ ಅವಳು ಪಕ್ಕದ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, "ಹತ್ತು," ಎಂದಳು. "ಮನೀಗೆ ಹೋಗೂಣು."